ಓದುಗರ ಪ್ರಶ್ನೆ: ಹಾಲ್ ತುಂಬಿದರೂ ನಷ್ಟ ಯಾಕೆ?

ಸಂಗೀತ ಮಂಡಳಿಗಳ ಜಮಾ-ಖರ್ಚಿನ ಬಗ್ಗೆ ಪ್ರಶ್ನೆ ಕಳಿಸಿ ಅಂತ ಕೇಳಿದ್ದೆವು. ಕಲಬುರಗಿ, ಬೀದರ್, ಯಾದಗಿರಿಯಿಂದಲೇ ಜಾಸ್ತಿ ಪತ್ರ ಬಂದಿವೆ. ಹದಿನೈದು ವರ್ಷ ಇಂಥದ್ದೇ ಒಂದು ಮಂಡಳಿಯ ಪಾವತಿ (ರಸೀದಿ) ಪುಸ್ತಕ ಹಿಡಿದು ಓಡಾಡಿದವನು ನಾನು, ಹಾಗಾಗಿ ಕೆಲವು ಪತ್ರ ಓದುವಾಗ ನಗು ಬಂತು, ಕೆಲವಕ್ಕೆ ಹಳೆಯ ತಲೆನೋವು ನೆನಪಾಯಿತು.

ಪ್ರಶ್ನೆ: ನಮ್ಮದು 24 ಜನರ ವಾದ್ಯವೃಂದ. ವಯಲಿನ್, ಕೊಳಲು, ಸಿತಾರ, ಹಾರ್ಮೋನಿಯಂ, ತಬಲಾ, ಎರಡು ಕೀಬೋರ್ಡ್. ಸಂಘ ನೋಂದಣಿ ಆಗಿ ಮೂರು ವರ್ಷ ಆಯಿತು. ಮೊನ್ನೆ 200 ರೂಪಾಯಿಯ 400 ಟಿಕೆಟ್ ಪೂರ್ತಿ ಹೋದವು, 80,000 ಬಂತು. ಖರ್ಚು 1,46,000. ಉಳಿದ 66,000 ನಾನು ಮತ್ತು ಸೆಕ್ರೆಟರಿ ಕೈಯಿಂದ ಹಾಕಿದೆವು. ಟಿಕೆಟ್ 500 ಮಾಡೋಣ ಅಂತ ಕೆಲವರು, ಪುಕ್ಕಟೆ ಮಾಡಿ ಪಟ್ಟಿ (ಚಂದಾ) ಎತ್ತೋಣ ಅಂತ ಕೆಲವರು. ಮುಂಬೈಯಲ್ಲಿ 80-90 ಜನ ಕೂತು ನುಡಿಸುವ ಸಿಂಫನಿ ಆರ್ಕೆಸ್ಟ್ರಾ ಇದೆ ಅಂತ ನನ್ನ ಅಳಿಯ ಹೇಳುತ್ತಾನೆ. 24 ಜನರಿಗೇ ನಮ್ಮ ಕಥೆ ಹೀಗಾದರೆ ಅವರು ಹೇಗೆ ಬದುಕಿದ್ದಾರೆ? (ಖಜಾಂಚಿ, ಕಲಬುರಗಿ)

ಉತ್ತರ: ಖಜಾಂಚಿಗಳೇ, ಮೊದಲು ಒಂದು ಸಮಾಧಾನ. ನೀವು ಲೆಕ್ಕ ತಪ್ಪಿಲ್ಲ. ಅವರೂ ಟಿಕೆಟ್ ದುಡ್ಡಿನಲ್ಲಿ ಬದುಕಿಲ್ಲ.

ಅಮೆರಿಕದ ದೊಡ್ಡ ಆರ್ಕೆಸ್ಟ್ರಾಗಳಲ್ಲಿ ಟಿಕೆಟ್‌ನಿಂದ ಬರುವುದು ಒಟ್ಟು ಖರ್ಚಿನ ಅರ್ಧಕ್ಕಿಂತ ಕಡಿಮೆ. ಯಾಕೆ ಅಂತ 1966ರಲ್ಲಿ ಬೌಮಾಲ್ ಮತ್ತು ಬೋವೆನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ವಿವರಿಸಿದರು. ನಮ್ಮ ಊರಿನ ಮಾತಿನಲ್ಲಿ ಹೇಳುತ್ತೇನೆ. ಹಿಂದೆ ಮನೆಯಲ್ಲಿ ಇಬ್ಬರು ಹೆಂಗಸರು ಬೀಸುಕಲ್ಲಿನ ಮುಂದೆ ದಿನವೆಲ್ಲಾ ಕೂತರೆ ಒಂದಿಷ್ಟು ತೊಗರಿ ಬೇಳೆ ಆಗುತ್ತಿತ್ತು. ಈಗ ದಾಲ್ ಮಿಲ್ಲಿನಲ್ಲಿ ಅದೇ ಇಬ್ಬರು ಕೆಲಸಗಾರರ ಕೈಯಲ್ಲಿ ಲಾರಿಗಟ್ಟಲೆ ಬೇಳೆ ಹೊರಗೆ ಬರುತ್ತದೆ. ಅದಕ್ಕೇ ಮಾಲೀಕ ಕೂಲಿ ಹೆಚ್ಚಿಸಿದರೂ ಬದುಕುತ್ತಾನೆ. ಸಂಗೀತದಲ್ಲಿ ಆ ಮಿಲ್ ಬರಲೇ ಇಲ್ಲ. ಬೀಥೋವನ್‌ನ ಐದನೇ ಸಿಂಫನಿ ಮೊದಲು ನುಡಿಸಿದ್ದು 1808ರಲ್ಲಿ, ವಿಯೆನ್ನಾದಲ್ಲಿ. ಅವತ್ತು ಅರ್ಧ ಗಂಟೆ ಹಿಡಿಯಿತು, ಇವತ್ತೂ ಹೆಚ್ಚುಕಮ್ಮಿ ಅಷ್ಟೇ. ಜನರನ್ನು ಕಡಿಮೆ ಮಾಡಿ, ಎರಡು ಪಟ್ಟು ಬೇಗ ನುಡಿಸಿ ಮುಗಿಸಿ ಅನ್ನೋದಕ್ಕೆ ಆಗುತ್ತಾ? ಆದರೆ ನುಡಿಸುವವರ ಮನೆ ಬಾಡಿಗೆ, ಮಕ್ಕಳ ಫೀಸು, ಎಣ್ಣೆ-ಬೇಳೆ ಎಲ್ಲಾ ಇವತ್ತಿನ ರೇಟಿಗೇ. ಆ ಅಂತರ ಪ್ರತಿ ವರ್ಷ ಸ್ವಲ್ಪ ಸ್ವಲ್ಪ ಅಗಲ ಆಗುತ್ತಲೇ ಹೋಗುತ್ತದೆ.

ಆ ಅಂತರವನ್ನು ಯಾರು ತುಂಬುತ್ತಾರೆ ಅನ್ನುವುದರಲ್ಲೇ ದೇಶದಿಂದ ದೇಶಕ್ಕೆ ವ್ಯತ್ಯಾಸ. ಜರ್ಮನಿಯಲ್ಲಿ ಬಹುಪಾಲು ಸರ್ಕಾರದ ದುಡ್ಡು. ಅಮೆರಿಕದಲ್ಲಿ ದಾನಿಗಳು ಮತ್ತು ಹಳೆಯ ಠೇವಣಿಯ ಆದಾಯ. ನಿಮ್ಮ ಅಳಿಯ ಹೇಳಿದ್ದು 2006ರಲ್ಲಿ ಮುಂಬೈಯ ಕಲಾಕೇಂದ್ರ ಎನ್‌ಸಿಪಿಎಯಲ್ಲಿ ಶುರುವಾದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಇರಬೇಕು. ಅಲ್ಲಿ ಎಲ್ಲರೂ ವರ್ಷವಿಡೀ ಸಂಬಳದ ಮೇಲೆ ಇರುವುದಿಲ್ಲ. ಕಾಯಂ ಕಲಾವಿದರ ಒಂದು ಗುಂಪು ಇರುತ್ತದೆ, ಸೀಸನ್ ಬಂದಾಗ ಹೊರಗಿನವರು, ವಿದೇಶದವರು ಬಂದು ಸೇರುತ್ತಾರೆ. ಇನ್ನು ನಮ್ಮವರದೇ ಒಂದು ಕಥೆ ಇದೆ. ಮೈಸೂರಿನ ಜಯಚಾಮರಾಜ ಒಡೆಯರ್ ಲಂಡನ್‌ನ ಫಿಲ್ಹಾರ್ಮೋನಿಯಾ ಆರ್ಕೆಸ್ಟ್ರಾಕ್ಕೆ ಆಗಿನ ಕಾಲದಲ್ಲಿ ದುಡ್ಡು ಕೊಟ್ಟವರು. ಜರ್ಮನಿಯ ಸಂಗೀತ ರಚನೆಕಾರ ರಿಚರ್ಡ್ ಸ್ಟ್ರಾಸ್ ತೀರಿಕೊಂಡ ಮರುವರ್ಷ, 1950ರ ಮೇ 22ರಂದು, ಆತನ ಕೊನೆಯ ನಾಲ್ಕು ಹಾಡುಗಳು ಲಂಡನ್‌ನಲ್ಲಿ ಮೊದಲ ಸಲ ಕೇಳಿಸಿದ್ದು ಇದೇ ಆರ್ಕೆಸ್ಟ್ರಾ ಜೊತೆ. ಕಾರ್ಯಕ್ರಮದ ಖರ್ಚಿಗೆ ಜಾಮೀನು ನಿಂತವರು ನಮ್ಮ ಮಹಾರಾಜರು! ಮಹಾರಾಜರು ಈಗ ಇಲ್ಲ, ನಿಮಗೆ ಗಂಜ್ (ಧಾನ್ಯದ ಮಾರುಕಟ್ಟೆ) ಇದೆ, ಅಲ್ಲಿನ ವ್ಯಾಪಾರಿಗಳಿದ್ದಾರೆ. ಅಲ್ಲಿಗೆ ಬರುತ್ತೇನೆ.

ಟಿಕೆಟ್ 500 ಮಾಡಬೇಡಿ. 500ರ ತನಕದ ಸಂಗೀತ ಕಾರ್ಯಕ್ರಮದ ಟಿಕೆಟ್‌ಗೆ ಜಿಎಸ್‌ಟಿ ಇಲ್ಲ ಅನ್ನುವುದು ನಿಜ, ಆದರೆ ಆ ರೇಟಿಗೆ ನಿಮಗೆ 400 ಜನ ಬರುವುದು ಅನುಮಾನ. ಪುಕ್ಕಟೆಯೂ ಬೇಡ. ಪುಕ್ಕಟೆ ಪಾಸ್ ಇಸಿದುಕೊಂಡವರು ಅವತ್ತು ಸಂಜೆ ಮಳೆ ಹನಿ ಬಿದ್ದರೆ ಮನೆಯಲ್ಲೇ ಮಿರ್ಚಿ ಭಜಿ ತಿನ್ನುತ್ತಾ ಕೂರುತ್ತಾರೆ, ನನ್ನ ಅನುಭವ. ಮುಂದಿನ ಎರಡು ಸಾಲು 500, ನಡುವೆ 200, ಹಿಂದೆ ವಿದ್ಯಾರ್ಥಿಗಳಿಗೆ 50 ಮಾಡಿ ನೋಡಿ.

ಇದಕ್ಕಿಂತ ದೊಡ್ಡ ವಿಷಯ ಬೇರೆ ಇದೆ. ನೀವು ಕಳಿಸಿದ ಖರ್ಚಿನ ಚೀಟಿಯಲ್ಲಿ 52,000 ತಾಲೀಮಿನದು. ಎಂಟು ದಿನದ ಜಾಗ, ಚಹಾ-ಊಟ, ಊರಿಂದ ಬಂದವರ ಬಸ್ ಚಾರ್ಜು, ಸ್ವರಲಿಪಿ ಬರೆಸಿದ್ದು. ಇಷ್ಟೆಲ್ಲಾ ಮಾಡಿ ಒಂದೇ ದಿನ ನುಡಿಸಿ ಮನೆಗೆ ಹೋದಿರಿ. ದೊಡ್ಡ ಆರ್ಕೆಸ್ಟ್ರಾಗಳು ಒಂದು ಸಲ ತಾಲೀಮು ಮಾಡಿದ್ದನ್ನು ಅದೇ ವಾರ ಎರಡು-ಮೂರು ದಿನ ನುಡಿಸುತ್ತವೆ. ನೀವು ಅದನ್ನೇ ಬೀದರ್‌ನಲ್ಲಿ ಇನ್ನೊಮ್ಮೆ ಮಾಡಿ. 2017ರಿಂದ ರೈಲೂ ಇದೆ, ತಬಲಾ-ಹಾರ್ಮೋನಿಯಂ ಹೊತ್ತುಕೊಂಡು ಬಸ್ಸಿನ ಮೇಲೆ ಹತ್ತಬೇಕಾಗಿಲ್ಲ. ಪ್ರಯಾಣದ ಖರ್ಚು ಬಿಟ್ಟು ನೋಡಿದರೆ ಎರಡನೇ ಕಾರ್ಯಕ್ರಮಕ್ಕೆ 94,000 ಸಾಕು, ಟಿಕೆಟ್‌ನಿಂದ ಮತ್ತೆ 80,000 ಬಂದರೆ ಕೊರತೆ 14,000 ಮಾತ್ರ.

ಆದರೆ ಇಲ್ಲಿ ಮೋಸ ಹೋಗಬೇಡಿ. ಒಟ್ಟು ಕೊರತೆ 66,000 ಇದ್ದದ್ದು 80,000 ಆಯಿತು ಅಲ್ವಾ? ಅಂಗಡಿಯಲ್ಲಿ ವ್ಯಾಪಾರ ಜಾಸ್ತಿ ಆದರೆ ಲಾಭ ಜಾಸ್ತಿ, ನಮ್ಮಲ್ಲಿ ಕಾರ್ಯಕ್ರಮ ಜಾಸ್ತಿ ಆದರೆ ಕೊರತೆ ಜಾಸ್ತಿ. ಇದು ಕಮಿಟಿಯ ಎಲ್ಲರಿಗೂ ಗೊತ್ತಿರಬೇಕು. ಲಾಭ ಏನೆಂದರೆ 400 ಜನರ ಬದಲು 800 ಜನ ಕೇಳಿದರು, ಒಂದು ಕಾರ್ಯಕ್ರಮದ ಕೊರತೆ 40,000ಕ್ಕೆ ಇಳಿಯಿತು. ದಾನಿಯ ಮುಂದೆ ಹೇಳಲು ಇದು ಒಳ್ಳೆಯ ಮಾತು.

ಹೇಳುವುದು ಯಾವಾಗ? ಕಾರ್ಯಕ್ರಮ ಮುಗಿದ ಮೇಲಲ್ಲ. ಮುಗಿದ ಮೇಲೆ ಹೋಗಿ 'ಲಾಸ್ ಆಯಿತು ಸಾವಕಾರ್ರೇ' ಅಂದರೆ ಕೇಳುವವರಿಗೆ ಸಾಲ ಕೇಳಿದಂತೆ ಕಾಣುತ್ತದೆ. ವರ್ಷದ ಶುರುವಿನಲ್ಲೇ 80,000 ಕೊರತೆ ಅಂತ ಬಜೆಟ್‌ನಲ್ಲಿ ಬರೆದು, ಠರಾವು ಮಾಡಿ, 4,000ದಂತೆ 20 ಜನರ ಹತ್ತಿರ ಹೋಗಿ. ತೊಗರಿ ರಾಶಿ ಆಗಿ ಮಾಲು ಗಂಜ್‌ಗೆ ಬಂದ ಮೇಲೆ, ಜನವರಿ-ಫೆಬ್ರುವರಿಯಲ್ಲಿ ಹೋಗಿ. ಆಗಸ್ಟ್‌ನಲ್ಲಿ ಹೋದರೆ ಚಹಾ ಮಾತ್ರ ಸಿಗುತ್ತದೆ.

ಮತ್ತೆ, ನೀವಿಬ್ಬರು ಕೈಯಿಂದ ಹಾಕಿದ 66,000 ಸಾಲವೋ ದೇಣಿಗೆಯೋ? ಪುಸ್ತಕದಲ್ಲಿ ಇವತ್ತೇ ಬರೆಯಿರಿ. ಇಲ್ಲದಿದ್ದರೆ ಮುಂದೆ ಜಗಳ ಗ್ಯಾರಂಟಿ.

ಪ್ರಶ್ನೆ: ನನ್ನ ತಮ್ಮ ವಯಲಿನ್ ನುಡಿಸುತ್ತಾನೆ. ಮಂಡಳಿಯವರು ಸೌಂಡ್‌ನವರಿಗೆ 25,000 ಕೊಡುತ್ತಾರೆ, ಇವನಿಗೆ ಒಂದು ಶಾಲು, ಒಂದು ಹಾರ. ಕೇಳಿದರೆ 'ನಮ್ಮದು ಲಾಭರಹಿತ ಸಂಸ್ಥೆ, ಇದು ಸೇವೆ' ಅನ್ನುತ್ತಾರೆ. ಲಾಭರಹಿತ ಅಂದರೆ ಪುಕ್ಕಟೆ ದುಡಿಯಬೇಕಾ? (ಒಬ್ಬ ಅಕ್ಕ, ಬೀದರ್)

ಉತ್ತರ: ಬೇಡ ಅಕ್ಕಾ. ಲಾಭರಹಿತ ಅಂದರೆ ಉಳಿದ ದುಡ್ಡನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ ಅಂತ ಮಾತ್ರ. ಕೆಲಸಕ್ಕೆ ಕೂಲಿ ಕೊಡಬಾರದು ಅಂತ ಯಾವ ಕಾಯ್ದೆಯಲ್ಲೂ ಇಲ್ಲ. ಪದಾಧಿಕಾರಿಗಳಿಗೋ ಅವರ ಮನೆಯವರಿಗೋ ಕೊಡುವುದಾದರೆ ಮಾತ್ರ ಕೆಲಸಕ್ಕೆ ತಕ್ಕಷ್ಟೇ ಇರಬೇಕು, ಇಲ್ಲದಿದ್ದರೆ ತೆರಿಗೆ ವಿನಾಯಿತಿಗೆ ಕುತ್ತು ಬರುತ್ತದೆ.

ಅಮೆರಿಕದ ಆರ್ಕೆಸ್ಟ್ರಾಗಳಲ್ಲಿ 'ಸರ್ವಿಸ್' ಅಂತ ಒಂದು ಲೆಕ್ಕ ಇದೆ. ತಾಲೀಮು ಒಂದು ಸರ್ವಿಸ್, ಕಾರ್ಯಕ್ರಮ ಒಂದು ಸರ್ವಿಸ್, ಒಂದೊಂದು ಸುಮಾರು ಎರಡೂವರೆ ಗಂಟೆ. ಪೂರ್ಣಾವಧಿಯವರಿಗೆ ವಾರಕ್ಕೆ ಸಾಮಾನ್ಯವಾಗಿ ಎಂಟು. ನನಗೆ ಇದರಲ್ಲಿ ಇಷ್ಟ ಆಗಿದ್ದು ತಾಲೀಮಿಗೂ ದುಡ್ಡು ಅನ್ನೋದು. ನಮ್ಮಲ್ಲಿ ತಾಲೀಮು ಅಂದರೆ ಪುಕ್ಕಟೆ ಅಂತಲೇ ಅಂದುಕೊಂಡಿದ್ದೇವೆ. ತಮ್ಮ 500 ಕೇಳಲಿ, 300 ಕೇಳಲಿ, ಆದರೆ ಎಷ್ಟು ದಿನ ಬಂದನೋ ಅಷ್ಟು ದಿನಕ್ಕೆ ಕೇಳಲಿ. ದುಡ್ಡು ಬೇಡ ಅನ್ನಿಸಿದರೆ ಇಸಿದುಕೊಂಡು ವಾಪಸ್ ದೇಣಿಗೆ ಕೊಡಲಿ, ಪಾವತಿ ಹರಿಸಿಕೊಳ್ಳಲಿ. ಆಗ ಕಾರ್ಯಕ್ರಮದ ನಿಜವಾದ ಖರ್ಚು ಪುಸ್ತಕಕ್ಕೆ ಬರುತ್ತದೆ.

ನಮ್ಮ ಮಂಡಳಿಯಲ್ಲಿ ಒಬ್ಬ ಒಳ್ಳೆಯ ತಬಲಾದವರಿದ್ದರು. ಜಗಳ ಇಲ್ಲ, ಮಾತಿಲ್ಲ, ಒಂದು ವರ್ಷ ಬರುವುದನ್ನೇ ಬಿಟ್ಟರು. ಆಮೇಲೆ ಪುಸ್ತಕ ತೆಗೆದು ನೋಡಿದೆ. ಆರು ವರ್ಷದಲ್ಲಿ ಶಾಮಿಯಾನದವನ ಹೆಸರು ಪ್ರತಿ ಪುಟದಲ್ಲಿತ್ತು, ಇವರ ಹೆಸರು ಒಂದು ಕಡೆಯೂ ಇರಲಿಲ್ಲ. ಬರೆದವನು ನಾನೇ.

ಪ್ರಶ್ನೆ: ಹಿರಿಯರೊಬ್ಬರು ವಾದ್ಯ ಕೊಳ್ಳಲಿಕ್ಕೆ ಅಂತ 3 ಲಕ್ಷ ಕೊಟ್ಟರು. ಅದರಲ್ಲಿ 1,10,000 ಹಾಲ್ ಬಾಡಿಗೆ, ಹಳೆಯ ಬಾಕಿಗೆ ಹೋಯಿತು. ಈಗ 'ವಾದ್ಯ ತೋರಿಸ್ರಿ' ಅನ್ನುತ್ತಿದ್ದಾರೆ. ಯಾರೂ ಒಂದು ಪೈಸೆ ತಿಂದಿಲ್ಲ, ಎಲ್ಲಾ ಸಂಘಕ್ಕೇ ಖರ್ಚಾಗಿದೆ. ತಪ್ಪಾ? (ಕಾರ್ಯದರ್ಶಿ, ಯಾದಗಿರಿ ಜಿಲ್ಲೆ)

ಉತ್ತರ: ತಪ್ಪು. ತಿಂದಿಲ್ಲ ಅನ್ನುವುದು ಬೇರೆ, ಕೊಟ್ಟವರು ಹೇಳಿದ ಕೆಲಸಕ್ಕೇ ಹಾಕಿದ್ದೀರಾ ಅನ್ನುವುದು ಬೇರೆ. ಬ್ಯಾಂಕಿನಲ್ಲಿ 3 ಲಕ್ಷ ಕಂಡರೂ ನಿಮ್ಮ ಕೈಗೆ ಅದು ಸೊನ್ನೆ. ಕಮಿಟಿಯವರು ಎಡವುವುದು ಇಲ್ಲೇ, ಪಾಸ್‌ಬುಕ್ ನೋಡಿ 'ದುಡ್ಡು ಇದೆ' ಅನ್ನುತ್ತಾರೆ.

ಫಿಲಡೆಲ್ಫಿಯಾ ಆರ್ಕೆಸ್ಟ್ರಾ ಅಂತ ಒಂದಿದೆ, 1900ರಲ್ಲಿ ಶುರುವಾದದ್ದು, ಜಗತ್ತಿನ ದೊಡ್ಡ ಹೆಸರುಗಳಲ್ಲಿ ಒಂದು. 2011ರ ಏಪ್ರಿಲ್‌ನಲ್ಲಿ ಅದು ದಿವಾಳಿ ಅರ್ಜಿ ಹಾಕಿತು. ಆಗ ಅದರ ಶಾಶ್ವತ ನಿಧಿಯಲ್ಲಿ ಸುಮಾರು 14 ಕೋಟಿ ಡಾಲರ್ ಇತ್ತು! ಅಷ್ಟಿದ್ದೂ ದಿವಾಳಿ ಹೇಗೆ ಅಂತ ಜನ ಬೈದರು. ಆದರೆ ಆ ನಿಧಿಯ ಬಹುಭಾಗ ದಾನಿಗಳು ಇಂಥದ್ದಕ್ಕೇ ಅಂತ ಕಟ್ಟಿಹಾಕಿ ಕೊಟ್ಟದ್ದು, ಸಂಬಳ-ಬಾಡಿಗೆಗೆ ಮುಟ್ಟುವಂತಿರಲಿಲ್ಲ. ಮರುವರ್ಷ ಅದು ಚೇತರಿಸಿಕೊಂಡು ಹೊರಗೆ ಬಂತು.

ಇನ್ನೊಂದು ಇಂಥದ್ದೇ ಬಲೆ ಅಂದರೆ ಸೀಸನ್ ಟಿಕೆಟ್. ಮುಂದಿನ ವರ್ಷದ ಕಾರ್ಯಕ್ರಮಕ್ಕೆ ಈಗಲೇ ದುಡ್ಡು ಇಸಿದುಕೊಂಡು ಈ ವರ್ಷದ ಬಾಕಿ ತೀರಿಸುವುದು. ಬಿತ್ತುವಾಗ ಅಡತಿ ಅಂಗಡಿಯಲ್ಲಿ ಮುಂಗಡ ತಂದು ಮದುವೆ ಮಾಡಿದ ರೈತನಿಗೆ ರಾಶಿ ದಿನ ಏನು ಉಳಿಯುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಈಗ ಮಾಡುವುದು ಇಷ್ಟು. ಹಿರಿಯರು ಮತ್ತೆ ಕೇಳುವ ಮುಂಚೆ ನೀವೇ ಅವರ ಮನೆಗೆ ಹೋಗಿ. ಅಧ್ಯಕ್ಷರನ್ನು ಕರೆದುಕೊಂಡು ಹೋಗಿ, ಒಬ್ಬರೇ ಹೋಗಬೇಡಿ. ಉಳಿದ 1,90,000ಕ್ಕೆ ಕೊಂಡ ವಾದ್ಯಗಳ ಬಿಲ್ ತೋರಿಸಿ, ಕೊಂಡಿಲ್ಲದಿದ್ದರೆ ಮೊದಲು ಅದನ್ನು ಮಾಡಿ. 1,10,000 ಎಷ್ಟು ತಿಂಗಳಲ್ಲಿ ತುಂಬುತ್ತೀರಿ ಅಂತ ಠರಾವು ಮಾಡಿ ಅದರ ಪ್ರತಿ ಕೊಡಿ. ಬೈಯುತ್ತಾರೆ, ಬೈಸಿಕೊಳ್ಳಿ. 'ಹೋಗಲಿ ಬಿಡ್ರಿ, ಬಾಡಿಗೆಗೇ ಹಾಕಿಕೊಳ್ರಿ' ಅಂದರೆ ಅದನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ, ಬಾಯಿ ಮಾತು ಆಡಿಟರ್‌ಗೆ ಆಗುವುದಿಲ್ಲ. ಇನ್ನು ಮುಂದೆ ಇಂಥ ದೇಣಿಗೆಗೆ ಲೆಡ್ಜರ್‌ನಲ್ಲಿ ಬೇರೆ ಪುಟ ಇಡಿ. ಸೇಡಂ, ವಾಡಿ ಕಡೆಯ ಸಿಮೆಂಟ್ ಕಾರ್ಖಾನೆಗಳ ಹತ್ತಿರ ಸಿಎಸ್‌ಆರ್ ದುಡ್ಡು (ಕಂಪನಿಗಳು ಸಮಾಜದ ಕೆಲಸಕ್ಕೆ ಅಂತ ತೆಗೆದಿಡುವುದು) ಕೇಳುವ ಆಸೆ ಇದ್ದರೂ ಮೊದಲು ಈ ಅಭ್ಯಾಸ ಬೇಕು. ಕಲೆ-ಸಂಸ್ಕೃತಿಗೆ ಆ ದುಡ್ಡು ಕೊಡಲು ಅವಕಾಶ ಇದೆ, ಆದರೆ ಅವರು ಮೂರು ವರ್ಷದ ಕೆಲಸದ ದಾಖಲೆ ಕೇಳುತ್ತಾರೆ, ಖರ್ಚಿನ ಲೆಕ್ಕ ರೂಪಾಯಿ ರೂಪಾಯಿಗೆ ಕೇಳುತ್ತಾರೆ.

ಪ್ರಶ್ನೆ: ಗಂಜ್‌ನ ವ್ಯಾಪಾರಿಯೊಬ್ಬರು 10,000 ನಗದು ಕೊಟ್ಟು 80ಜಿ ಪಾವತಿ (ದೇಣಿಗೆಗೆ ತೆರಿಗೆ ರಿಯಾಯಿತಿ ಪಡೆಯುವ ರಸೀದಿ) ಕೇಳುತ್ತಿದ್ದಾರೆ. ಕೊಡಬಹುದಾ? (ಕಲಬುರಗಿ)

ಉತ್ತರ: ನಗದು 2,000 ದಾಟಿದರೆ ಅವರಿಗೆ ತೆರಿಗೆ ರಿಯಾಯಿತಿ ಇಲ್ಲ. ಚೆಕ್ ಇಲ್ಲವೇ ಯುಪಿಐ ಮಾಡಿಸಿ. ನಿಮ್ಮ ಸಂಘಕ್ಕೆ 80ಜಿ ಮಾನ್ಯತೆ ಇರಬೇಕು, ಆ ವರ್ಷದ ದೇಣಿಗೆಗಳ ವಿವರ ಮೇ 31ರೊಳಗೆ ಇಲಾಖೆಗೆ ಆನ್‌ಲೈನ್‌ನಲ್ಲಿ ಕೊಡಬೇಕು. ಹಾಗೇ ಅವರು ತಮ್ಮ ಹೆಸರಲ್ಲಿ ಹೊಸ ತೆರಿಗೆ ಪದ್ಧತಿಯಲ್ಲಿದ್ದರೆ ಈ ರಿಯಾಯಿತಿ ಸಿಗುವುದೇ ಇಲ್ಲ. ಮೊದಲೇ ಹೇಳಿಬಿಡಿ, ಆಮೇಲೆ ನಿಮ್ಮ ಮೇಲೆ ಬರುತ್ತಾರೆ.

ಪ್ರಶ್ನೆ: ಪ್ರತಿ ವರ್ಷ ಪಟ್ಟಿ ಎತ್ತಿ ಸಾಕಾಗಿದೆ. ಒಮ್ಮೆಗೇ ದೊಡ್ಡ ಠೇವಣಿ ಇಟ್ಟು ಬಡ್ಡಿಯಲ್ಲೇ ನಡೆಸಬಹುದಾ? (ಬೀದರ್)

ಉತ್ತರ: ಆಸೆ ಒಳ್ಳೆಯದು, ಲೆಕ್ಕ ಹಾಕಿ ನೋಡಿ. ವರ್ಷಕ್ಕೆ 80,000 ಕೊರತೆ ಅಂದುಕೊಳ್ಳೋಣ. ಬಡ್ಡಿ ಎಷ್ಟೇ ಬರಲಿ, ಎಲ್ಲಾ ತೆಗೆದು ತಿನ್ನಬಾರದು, ಬೆಲೆ ಏರಿಕೆಗೆ ಸ್ವಲ್ಪ ಒಳಗೇ ಬಿಡಬೇಕು. ಅಮೆರಿಕದ ಆರ್ಕೆಸ್ಟ್ರಾಗಳು ನಿಧಿಯಿಂದ ವರ್ಷಕ್ಕೆ ಸಾಮಾನ್ಯವಾಗಿ ನೂರಕ್ಕೆ 4-5ರಷ್ಟು ಮಾತ್ರ ತೆಗೆಯುತ್ತವೆ. 4ರಂತೆ ಹಿಡಿದರೆ ನಿಮಗೆ 20 ಲಕ್ಷ ಬೇಕು. ಪಟ್ಟಿ ಎತ್ತುವುದು ತಪ್ಪುವುದಿಲ್ಲ, ಇನ್ನೂ ದೊಡ್ಡ ಪಟ್ಟಿ ಎತ್ತಬೇಕಾಗುತ್ತದೆ!

ಆದರೂ ಶುರು ಮಾಡಿ. 1966ರಲ್ಲಿ ಫೋರ್ಡ್ ಫೌಂಡೇಶನ್ 61 ಆರ್ಕೆಸ್ಟ್ರಾಗಳಿಗೆ 8 ಕೋಟಿ ಡಾಲರ್‌ಗೂ ಮೇಲೆ ಕೊಟ್ಟಿತು, ಆದರೆ ಸುಮ್ನೆ ಕೊಡಲಿಲ್ಲ, ನೀವೂ ನಿಮ್ಮ ಊರಲ್ಲಿ ಕೂಡಿಸಿ ಅಂತ ಷರತ್ತು ಹಾಕಿತು. ನೀವೂ ಹಾಗೇ ಒಬ್ಬ ದೊಡ್ಡ ದಾನಿಯ ಹತ್ತಿರ ಹೋಗಿ, 'ನಾವು 50,000 ಕೂಡಿಸಿದರೆ ನೀವು 50,000 ಹಾಕುತ್ತೀರಾ' ಅಂತ ಕೇಳಿ. ಗದಗದ ವೀರೇಶ್ವರ ಪುಣ್ಯಾಶ್ರಮ ನೆನಪಿಸಿಕೊಳ್ಳಿ. ಅಂಧ ಮಕ್ಕಳಿಗೆ ಊಟ ಹಾಕಿ ಸಂಗೀತ ಕಲಿಸಲಿಕ್ಕೆ ನಾಟಕ ಕಂಪನಿಯನ್ನೇ ಕಟ್ಟಿದರು, ಪುಟ್ಟರಾಜ ಗವಾಯಿಗಳ ತುಲಾಭಾರದ ನಾಣ್ಯವೆಲ್ಲಾ ಆಶ್ರಮಕ್ಕೇ ಹೋಯಿತು. ಊರೂರು ತಿರುಗುವುದು ಅವರಿಗೂ ತಪ್ಪಲಿಲ್ಲ.

ಠೇವಣಿಗೆ ಅಂತ ಕೊಟ್ಟವರಿಂದ 'ಇದು ಶಾಶ್ವತ ನಿಧಿಗೆ' ಅಂತ ಬರೆಸಿಕೊಳ್ಳಿ. ಮತ್ತೆ ಎಫ್‌ಡಿ ಒಡೆಯಲಿಕ್ಕೆ ಸೆಕ್ರೆಟರಿ ಒಬ್ಬರ ಸಹಿ ಸಾಕು ಅಂತ ಇಡಬೇಡಿ, ಮೂರು ಸಹಿ ಬೇಕು ಅಂತ ಬ್ಯಾಂಕಿಗೆ ಠರಾವು ಕೊಡಿ. ಅದರಲ್ಲಿ ಒಬ್ಬರು ಊರಲ್ಲಿ ಸ್ವಲ್ಪ ಜಗಳಗಂಟರು ಅಂತ ಹೆಸರಾದವರಿದ್ದರೆ ಇನ್ನೂ ಒಳ್ಳೆಯದು.