ಅಜ್ಜನ ಪದ್ಮಿನಿ ಕಾರನ್ನು ನಾನೇ ಸರಿ ಮಾಡಲಾ, ಗ್ಯಾರೇಜಿಗೆ ಕೊಡಲಾ?

ಕಾರವಾರದ ಮನೆಯಲ್ಲಿ ವರ್ಷಗಟ್ಟಲೆ ನಿಂತಿರುವ ಪ್ರೀಮಿಯರ್ ಪದ್ಮಿನಿ ಬಗ್ಗೆ ಕೇಳಿದ್ದೀರಿ. ಅರ್ಧ ಕೆಲಸ ಖಂಡಿತ ನಿಮ್ಮಿಂದಲೇ ಆಗುತ್ತದೆ.

ಮೊದಲು ತುಕ್ಕು ನೋಡಿ. ನಮ್ಮ ಕಡೆ ಉಪ್ಪುಗಾಳಿಯೂ ಜಾಸ್ತಿ, ಮಳೆಯೂ ಜಾಸ್ತಿ. ಕಾಲಡಿಯ ಮ್ಯಾಟ್ ಎತ್ತಿ, ನೆಲದ ತಗಡನ್ನೂ ಬಾಗಿಲ ಕೆಳಗಿನ ಪಟ್ಟಿಯನ್ನೂ ಸ್ಕ್ರೂಡ್ರೈವರಿನಿಂದ ಒತ್ತಿ. ಒಳಗೆ ಇಳಿದರೆ ವೆಲ್ಡಿಂಗ್ ಬೇಕು. ಅದನ್ನು ಪಳಗಿದ ಕೈಗೇ ಕೊಡಿ. ಪದ್ಮಿನಿಗೆ ಬೇರೆ ಚಾಸಿ (ಅಡಿಯ ಚೌಕಟ್ಟು) ಇಲ್ಲ, ಬಾಡಿಯೇ ಭಾರ ಹೊರುತ್ತದೆ. ಸುಮ್ನೆ ಪುಟ್ಟಿ ಮೆತ್ತಿ ಬಣ್ಣ ಹೊಡೆದರೆ ಒಳಗಿನ ತಗಡು ತಿಂದುಹೋಗುತ್ತಲೇ ಇರುತ್ತದೆ.

ಬ್ರೇಕ್ ಕೂಡ ಮೆಕ್ಯಾನಿಕ್‌ಗೇ ಬಿಡಿ. ನಿಂತ ಗಾಡಿಯಲ್ಲಿ ಚಕ್ರದ ಬ್ರೇಕ್ ಒತ್ತುವ ವೀಲ್ ಸಿಲಿಂಡರ್ ಜಾಮ್ ಆಗಿರುವುದೇ ಹೆಚ್ಚು. ನಾಳೆ ಅಣಶಿ ಘಾಟಿ ಇಳಿಯಬೇಕಲ್ವಾ?

ಕಾರ್ಬ್ಯುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ತೊಳೆಯುವುದು, ಪ್ಲಗ್, ಪಾಯಿಂಟ್ (ಪ್ಲಗ್‌ನ ಕಿಡಿಗೆ ಸಮಯ ಕೊಡುವ ಸ್ವಿಚ್), ಆಯಿಲ್ ಬದಲಿಸುವುದು ನೀವೇ ಮಾಡಿ. 1089 ಸಿಸಿಯ ಸರಳ ಇಂಜಿನ್ ಅದು, ಕಲಿಯಲು ಬಹಳ ಒಳ್ಳೆಯದು. ಬಿಚ್ಚುವ ಮೊದಲು ಪ್ರತಿ ಭಾಗದ ಫೋಟೊ ತೆಗೆದಿಡಿ.

ಹಾಂ, ದುಡ್ಡು ಹಾಕುವ ಮುಂಚೆ ಆರ್‌ಸಿ (ನೋಂದಣಿ ಪತ್ರ) ನೋಡಿ. 15 ವರ್ಷ ದಾಟಿದ ಕಾರಿಗೆ 5 ವರ್ಷಕ್ಕೊಮ್ಮೆ ನವೀಕರಣ ಆಗಿರಬೇಕು.