ಗುಟ್ಟು ಗೊತ್ತಾದ ಮೇಲೂ ಉಳಿಯುವ ಬೆರಗು

ತುಮಕೂರಿನಲ್ಲಿ ಜಾದೂ ಪರಿಕರಗಳ ಅಂಗಡಿ ನಡೆಸುತ್ತ ವೇದಿಕೆ ಪ್ರದರ್ಶನಗಳನ್ನೂ ನೀಡುವ ಜಾದೂಗಾರರು ಈ ಸಂಚಿಕೆಯಲ್ಲಿ ಓದುಗರ ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ.

ಪ್ರಶ್ನೆ: ನನ್ನ ಮಗ ದ್ವಿತೀಯ ಪಿಯುಸಿಯಲ್ಲಿದ್ದಾನೆ. ಓದು ಬಿಟ್ಟು ಜಾದೂವನ್ನೇ ವೃತ್ತಿ ಮಾಡಿಕೊಳ್ಳುತ್ತೇನೆ ಎಂದು ಹಟ ಹಿಡಿದಿದ್ದಾನೆ. ಇದರಿಂದ ಜೀವನ ನಡೆಯುತ್ತದೆಯೇ?
– ಓದುಗರು, ಮಧುಗಿರಿ

ಉತ್ತರ: ನಡೆಯುತ್ತದೆ. ಆದರೆ ವೇದಿಕೆಯ ಆಟವೊಂದನ್ನೇ ನಂಬಿದರೆ ವರ್ಷವಿಡೀ ನಡೆಯುವುದು ಕಷ್ಟ. ನಮ್ಮ ಜಿಲ್ಲೆಗಳಲ್ಲಿ ಜಾದೂಗಾರನ ದುಡಿಮೆಗೆ ಕಾಲವಿದೆ. ಗಣೇಶನ ಹಬ್ಬದಿಂದ ರಾಜ್ಯೋತ್ಸವದವರೆಗೆ ಸಂಘಸಂಸ್ಥೆಗಳ ಕಾರ್ಯಕ್ರಮಗಳಿರುತ್ತವೆ. ಡಿಸೆಂಬರ್, ಜನವರಿಯಲ್ಲಿ ಶಾಲಾ ವಾರ್ಷಿಕೋತ್ಸವಗಳು, ಶಿವರಾತ್ರಿಯ ಆಸುಪಾಸಿನಲ್ಲಿ ಜಾತ್ರೆಗಳು, ಬೇಸಿಗೆಯಲ್ಲಿ ಮಕ್ಕಳ ಶಿಬಿರಗಳು ಬರುತ್ತವೆ. ಪರೀಕ್ಷೆಗಳ ಮಾರ್ಚ್ ತಿಂಗಳಲ್ಲಿ, ಮದುವೆ ಮುಂಜಿಗಳಿಲ್ಲದ ಆಷಾಢದಲ್ಲಿ ಕರೆಯುವವರು ವಿರಳ. ಆ ತಿಂಗಳುಗಳನ್ನು ದಾಟುವುದಕ್ಕಾಗಿಯೇ ನಮ್ಮಲ್ಲಿ ಕೆಲವರು ಅಂಗಡಿ ಇಡುತ್ತಾರೆ, ಕೆಲವರು ಬೇರೆ ಜಾದೂಗಾರರಿಗೆ ಪೆಟ್ಟಿಗೆ, ಮೇಜುಗಳನ್ನು ಮಾಡಿಕೊಡುತ್ತಾರೆ, ಇನ್ನು ಕೆಲವರು ಮಕ್ಕಳಿಗೆ ಕಲಿಸುತ್ತಾರೆ. ಸಹಾಯಕರ ಸಂಬಳ, ವಾಹನದ ಬಾಡಿಗೆ, ಧ್ವನಿ ಮತ್ತು ಬೆಳಕಿನ ಖರ್ಚು ಕಳೆದ ಮೇಲೆ ಉಳಿಯುವುದಷ್ಟೇ ತನ್ನದು ಎಂಬುದನ್ನು ಹೊಸಬರು ಬೇಗ ಅರಿತುಕೊಳ್ಳಬೇಕು.

ಮಗ ಓದನ್ನು ಬಿಡಬೇಕಾಗಿಲ್ಲ. ಪದವಿ ಓದುತ್ತಲೇ ಅಭ್ಯಾಸ ಮಾಡಲಿ, ಜೊತೆಗೆ ಯಾವುದಾದರೂ ಹವ್ಯಾಸಿ ನಾಟಕ ತಂಡವನ್ನು ಸೇರಲಿ ಎಂಬುದು ನನ್ನ ಸ್ಪಷ್ಟ ಸಲಹೆ. ನಮ್ಮ ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿ, ಮುಂದೆ ವೀರಣ್ಣನವರ ಕಾಲದಲ್ಲಿ ಆನೆಯನ್ನೂ ರಂಗದ ಮೇಲೆ ತಂದು ಜನರನ್ನು ಬೆರಗುಗೊಳಿಸಿದ ನಾಟಕ ಕಂಪನಿಯ ಯಶಸ್ಸು ಪರದೆಯ ಹಿಂದೆ ದುಡಿದವರ ಶಿಸ್ತಿನ ಮೇಲೆ ನಿಂತಿತ್ತು. ಜಾದೂವಿಗೂ ಅದೇ ಶಿಸ್ತು ಬೇಕು. ಎಲ್ಲಿ ನಿಲ್ಲಬೇಕು, ಯಾವಾಗ ತಿರುಗಬೇಕು, ಯಾವ ಮಾತಿಗೆ ಪ್ರೇಕ್ಷಕರು ತಲೆಯೆತ್ತಿ ಮುಖ ನೋಡುತ್ತಾರೆ ಎಂಬುದೆಲ್ಲ ರಂಗಭೂಮಿ ಕಲಿಸುವ ಪಾಠಗಳು. ಸುಡುಗಾಡು ಸಿದ್ಧರ ಮನೆತನಗಳಲ್ಲಿ ಕೈಚಳಕ ತಂದೆಯಿಂದ ಮಗನಿಗೆ ಬಂದ ವಿದ್ಯೆ. ಪರದೆಯಿಲ್ಲದೆ, ದೀಪದ ಆಸರೆಯಿಲ್ಲದೆ, ಸುತ್ತ ನೆರೆದ ಜನರ ನಡುವೆಯೇ ಆಡಿ ತೋರಿಸುವ ಆ ಕೈಗಳ ಬಗ್ಗೆ ನನಗೆ ಅಪಾರ ಗೌರವವಿದೆ. ಅವರಿಗೆ ಬಾಲ್ಯದಿಂದ ಸಿಗುವ ಅಭ್ಯಾಸವನ್ನು ನಿಮ್ಮ ಮಗ ಈಗ ಆರಂಭಿಸಿ ಗಳಿಸಬೇಕಾಗಿದೆ. ಚಪ್ಪಾಳೆ ತಟ್ಟುವವರು ಯಾರೂ ಇಲ್ಲದಾಗಲೂ ಅವನು ಒಂದೇ ನಾಣ್ಯವನ್ನು ಹಿಡಿದು ಗಂಟೆಗಟ್ಟಲೆ ಕನ್ನಡಿಯ ಮುಂದೆ ಕುಳಿತುಕೊಳ್ಳುತ್ತಾನೆಯೇ ಎಂಬುದನ್ನು ಗಮನಿಸಿ. ಕುಳಿತುಕೊಳ್ಳುತ್ತಾನಾದರೆ ಅವನನ್ನು ತಡೆಯಬೇಡಿ.

ಪ್ರಶ್ನೆ: ಎಲ್ಲ ಜಾದೂಗಳ ಗುಟ್ಟೂ ಈಗ ಮೊಬೈಲಿನಲ್ಲೇ ಸಿಗುತ್ತದೆ. ನಿಮ್ಮ ಅಂಗಡಿಗೆ ಯಾರು ಬರುತ್ತಾರೆ? ಹಣ ಕೊಟ್ಟವರಿಗೆಲ್ಲ ಗುಟ್ಟನ್ನು ಮಾರುವುದು ಸರಿಯೇ?
– ಶಾಲಾ ಶಿಕ್ಷಕರು, ಚಿಕ್ಕಬಳ್ಳಾಪುರ

ಉತ್ತರ: ಗುಟ್ಟು ಬಯಲಾಗುವುದು ಮೊಬೈಲಿನಿಂದ ಆರಂಭವಾದದ್ದಲ್ಲ. ಹೆಂಗಸನ್ನು ಪೆಟ್ಟಿಗೆಯಲ್ಲಿ ಮಲಗಿಸಿ ಗರಗಸದಿಂದ ಕೊಯ್ಯುವ ಆಟವನ್ನು ಸೆಲ್ಬಿಟ್ ಎಂಬ ಜಾದೂಗಾರರು ಲಂಡನ್ನಿನ ರಂಗಮಂದಿರವೊಂದರಲ್ಲಿ 1921ರ ಜನವರಿಯಲ್ಲಿ ಸಾರ್ವಜನಿಕರಿಗೆ ತೋರಿಸಿದರು. ಹೊರೇಸ್ ಗೋಲ್ಡಿನ್ ಎಂಬುವರು ಅದನ್ನು ಬೇರೆ ರೀತಿಯಲ್ಲಿ ರೂಪಿಸಿ 1923ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದರು. ಪೇಟೆಂಟ್ ಪಡೆಯಬೇಕಾದರೆ ವಿಧಾನವನ್ನು ಬರೆದು ಕೊಡಲೇಬೇಕು, ಬರೆದು ಕೊಟ್ಟದ್ದನ್ನು ಯಾರು ಬೇಕಾದರೂ ಓದಬಹುದು. ಸಿಗರೇಟು ಕಂಪನಿಯೊಂದು ಜಾಹೀರಾತಿನಲ್ಲಿ ಆ ಗುಟ್ಟನ್ನು ಪ್ರಕಟಿಸಿದಾಗ ಗೋಲ್ಡಿನ್ ನ್ಯಾಯಾಲಯಕ್ಕೆ ಹೋದರೂ 1938ರಲ್ಲಿ ತೀರ್ಪು ಅವರ ವಿರುದ್ಧವಾಯಿತು. ಹೀಗೆ ಅಷ್ಟೆಲ್ಲ ಬಯಲಾಗಿದ್ದ ಆಟದ ಇನ್ನೊಂದು ರೂಪವನ್ನು ನಮ್ಮ ಬಂಗಾಳದ ಪಿ. ಸಿ. ಸರ್ಕಾರ್ ಅವರು 1956ರ ಏಪ್ರಿಲ್ 9ರಂದು ಬಿಬಿಸಿ ಟೆಲಿವಿಷನ್‌ನಲ್ಲಿ ತೋರಿಸಿದರು. ಚಕ್ರದ ಗರಗಸ ಹಾದುಹೋದ ಮೇಲೆ ಸಹಾಯಕಿ ಎದ್ದು ನಿಲ್ಲುವ ಮೊದಲೇ ನಿರೂಪಕರು ಕಾರ್ಯಕ್ರಮ ಮುಗಿಯಿತೆಂದು ಹೇಳಿಬಿಟ್ಟರು. ಹುಡುಗಿ ಸತ್ತೇಹೋದಳೆಂದು ಹೆದರಿದ ವೀಕ್ಷಕರು ಬಿಬಿಸಿಗೆ ಒಂದೇ ಸಮನೆ ಫೋನು ಮಾಡಿದರು.

ಅವರದೇ ಇನ್ನೊಂದು ಆಟ ನನಗೆ ಇದಕ್ಕಿಂತ ಹೆಚ್ಚು ಪ್ರಿಯವಾದದ್ದು. ಸರ್ಕಾರ್ ಪ್ರದರ್ಶನದ ನಡುವೆ ಆಗಾಗ ಒಂದು ತಂಬಿಗೆಯನ್ನೆತ್ತಿ ನೀರನ್ನೆಲ್ಲ ಸುರಿದು ಬರಿದು ಮಾಡಿ ಕೆಳಗಿಡುತ್ತಿದ್ದರು. ಬೇರೊಂದು ಆಟ ಮುಗಿಸಿ ಬಂದು ಮತ್ತೆ ಎತ್ತಿದರೆ ಮತ್ತೆ ನೀರು ಬರುತ್ತಿತ್ತು. ಅಂಥ ತಂಬಿಗೆ ಬಹಳ ಹಳೆಯ ವಸ್ತು, ಇಂದಿಗೂ ಜಾದೂ ಅಂಗಡಿಗಳಲ್ಲಿ ಸಿಗುತ್ತದೆ. ಅದನ್ನು ಕೊಂಡವರು ಮನೆಗೆ ಹೋಗಿ ಐದು ನಿಮಿಷದಲ್ಲಿ ನೀರು ಸುರಿಯಲು ಕಲಿಯುತ್ತಾರೆ. ಪ್ರೇಕ್ಷಕರು ತಂಬಿಗೆಯನ್ನು ಪೂರ್ತಿ ಮರೆತ ಗಳಿಗೆಯನ್ನು ಗುರುತಿಸಿ ಆಗ ಮಾತ್ರ ಅದರ ಕಡೆ ನಡೆಯುವುದನ್ನು ಕಲಿಯಲು ವರ್ಷಗಳು ಬೇಕು. ಅಂಗಡಿಯಲ್ಲಿ ನಾನು ಮಾರುವುದು ಮೊದಲನೆಯದನ್ನು. ಎರಡನೆಯದನ್ನು ಕೌಂಟರಿನ ಈಚೆ ನಿಂತು, ಕೇಳಿದವರಿಗೆ ನನಗೆ ತಿಳಿದಷ್ಟು ಹೇಳಿಕೊಡುತ್ತೇನೆ. ಮೊಬೈಲಿನಲ್ಲಿ ನೋಡಿ ಬಂದ ಹುಡುಗರೇ ಇಂದು ನನ್ನ ಹೆಚ್ಚಿನ ಗಿರಾಕಿಗಳು. ರುಮಾಲು ಹೇಗೆ ಮಾಯವಾಗುತ್ತದೆ ಎಂಬುದು ಅವರಿಗೆ ಗೊತ್ತಿರುತ್ತದೆ. ತಾವು ಮಾಡಿದರೆ ಏಕೆ ಸಿಕ್ಕಿಬೀಳುತ್ತೇವೆ ಎಂದು ಕೇಳಲು ಬಂದಿರುತ್ತಾರೆ.

ಯಾರಿಗೆ ಮಾರಬೇಕೆಂಬ ವಿಷಯದಲ್ಲಿ ನನ್ನ ನಿಲುವು ಹೀಗಿದೆ: ಇಸ್ಪೀಟೆಲೆ, ಹಗ್ಗ, ರಿಂಗು, ಬಣ್ಣದ ಚೀಲಗಳನ್ನು ಯಾರು ಕೇಳಿದರೂ ಕೊಡುತ್ತೇನೆ. ಕ್ಷಣದಲ್ಲಿ ಭಗ್ಗನೆ ಉರಿಯುವ ಕಾಗದವನ್ನು ಮಕ್ಕಳ ಕೈಗೆ ಕೊಡುವುದಿಲ್ಲ. ಗುರುತು ಮಾಡಿದ ಎಲೆಗಳನ್ನು ಜೂಜಿಗಾಗಿ ಕೇಳುವವರನ್ನು ಅವರ ಮಾತಿನಿಂದಲೇ ತಿಳಿಯಬಹುದು. ಅಂಥವರನ್ನು ಬರಿಗೈಯಲ್ಲೇ ಕಳುಹಿಸುತ್ತೇನೆ.

ಪ್ರಶ್ನೆ: ನಮ್ಮೂರಿಗೆ ಬರುವ ಒಬ್ಬರು ಬರಿಗೈಯಿಂದ ವಿಭೂತಿ ತೆಗೆದು ಕೊಡುತ್ತಾರೆ, ನಿಂಬೆಹಣ್ಣಿನಿಂದ ಕೆಂಪು ರಸ ತೋರಿಸಿ ಮಾಟವೆಂದು ಹೆದರಿಸುತ್ತಾರೆ. ಇದೂ ಜಾದೂವೇ?
– ಓದುಗರು, ಗೌರಿಬಿದನೂರು

ಉತ್ತರ: ಕೈಯ ಕೆಲಸದ ಮಟ್ಟಿಗೆ ಹೌದು. ವಿಭೂತಿಯನ್ನು ಗಂಜಿಯಲ್ಲಿ ಕಲಸಿ ಒಣಗಿಸಿದ ಸಣ್ಣ ಉಂಡೆ ಬೆರಳ ಸಂದಿಯಲ್ಲಿ ಅಡಗುತ್ತದೆ, ಹಿಸುಕಿದರೆ ಪುಡಿಯಾಗುತ್ತದೆ. ಕೆಂಪು ಬಣ್ಣಕ್ಕೆ ಹಲವು ದಾರಿಗಳಿವೆ; ಅರಿಶಿನಕ್ಕೆ ಸುಣ್ಣ ಬಿದ್ದರೆ ಕೆಂಪಾಗುವುದನ್ನು ಆರತಿ ತಟ್ಟೆಯಲ್ಲಿ ನಮ್ಮ ಹೆಣ್ಣುಮಕ್ಕಳೆಲ್ಲ ಕಂಡಿದ್ದಾರೆ. ಸಹೋದ್ಯೋಗಿಗಳ ವೇದಿಕೆಯ ಗುಟ್ಟುಗಳನ್ನು ನಾನು ಹೊರಗೆ ಹೇಳುವುದಿಲ್ಲ, ಆದರೆ ಹೆದರಿಸಿ ಹಣ ಕೀಳಲು ಬಳಸುವ ತಂತ್ರಗಳಿಗೆ ಆ ಮರ್ಯಾದೆ ಸಲ್ಲದು. ಟಿಕೆಟು ಕೊಂಡು ಬಂದವರು ಇದು ಕಣ್ಕಟ್ಟೆಂದು ತಿಳಿದೇ ಕುಳಿತಿರುತ್ತಾರೆ. ಆ ತಿಳಿವಳಿಕೆಯನ್ನು ಕಿತ್ತುಕೊಂಡು ಆಡುವ ಆಟ ಮೋಸ. ನಿಮ್ಮ ತಾಲ್ಲೂಕಿನ ಹೊಸೂರಿನವರೇ ಆದ ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲೆಂದೇ ಒಂದು ಸಮಿತಿಯನ್ನು ರಚಿಸಿದ್ದರು. ಅವರ ಊರಿನ ಸೀಮೆಯಿಂದ ಈ ಪ್ರಶ್ನೆ ಬಂದದ್ದು ನನಗೆ ಸಂತೋಷ ತಂದಿದೆ. ಮುಂದಿನ ಸಲ ಆ ವ್ಯಕ್ತಿ ಬಂದಾಗ ನಿಂಬೆಹಣ್ಣನ್ನೂ ಚಾಕುವನ್ನೂ ನೀವೇ ಕೊಡಿ, ಕೈಗಳನ್ನು ಸೋಪಿನಲ್ಲಿ ತೊಳೆಯಲು ಹೇಳಿ. ಒಪ್ಪದಿದ್ದರೆ ಊರಿನ ಹಿರಿಯರಿಗೂ ಪೊಲೀಸರಿಗೂ ತಿಳಿಸಿ.

ಪ್ರಶ್ನೆ: ಟೋಪಿಯಿಂದ ಮೊಲ ತೆಗೆಯುವ ಆಟವನ್ನು ಈಚೆಗೆ ಯಾರೂ ತೋರಿಸುವುದಿಲ್ಲವೇಕೆ?
– ವಿದ್ಯಾರ್ಥಿನಿ, ಕೋಲಾರ

ಉತ್ತರ: ಪ್ರಾಣಿಗಳನ್ನು ಪ್ರದರ್ಶನಕ್ಕೆ ಬಳಸುವವರು 2001ರ ಕೇಂದ್ರ ನಿಯಮಗಳ ಪ್ರಕಾರ ನೋಂದಣಿ ಮಾಡಿಸಬೇಕು. ಅದಲ್ಲದೆ ದೊಡ್ಡ ಸದ್ದು ಮತ್ತು ಬೆಳಕಿನ ನಡುವೆ ಇಕ್ಕಟ್ಟಾದ ಜಾಗದಲ್ಲಿ ಕಾಯುವುದು ಮೊಲಕ್ಕೆ ಹಿಂಸೆಯೇ ಸರಿ. ನಾನು ಸ್ಪಂಜಿನ ಮೊಲಗಳನ್ನು ಬಳಸುತ್ತೇನೆ. ಅವನ್ನು ಮಕ್ಕಳ ಮುಷ್ಟಿಯೊಳಗೇ ಇಟ್ಟು, ತೆರೆದಾಗ ಒಂದು ಎರಡಾಗಿರುವಂತೆ ಮಾಡಬಹುದು. ನೀವು ಕಲಿಯುವುದಾದರೆ ಆ ಆಟದಿಂದಲೇ ಆರಂಭಿಸಿ.