ಹೀಟರ್ ತಣ್ಣನೆಯ ಗಾಳಿ ಬಿಟ್ಟರೆ ಮೊದಲು ವಾಲ್ವ್ ಇದೆಯೇ ನೋಡಿ

ದೀಪಾವಳಿ ಮುಗಿದು ಬೆಳಗಿನ ಚಳಿ ಶುರುವಾದೊಡನೆ ಕಾರಿನ ಹೀಟರಿನ ಬಗ್ಗೆ ಪತ್ರಗಳು ಬರತೊಡಗುತ್ತವೆ. ಹೆಚ್ಚಿನವು ಒಂದೇ ಪ್ರಶ್ನೆಯ ಬೇರೆ ಬೇರೆ ರೂಪಗಳಾದ್ದರಿಂದ, ಈ ಸಲ ಒಂದಕ್ಕೆ ವಿವರವಾಗಿ, ಉಳಿದವಕ್ಕೆ ಚುಟುಕಾಗಿ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ನನ್ನದು ಹಳೆಯ ಡೀಸೆಲ್ ಕಾರು. ನಸುಕಿನಲ್ಲಿ ಹುಬ್ಬಳ್ಳಿಯ ನವನಗರದಿಂದ ಧಾರವಾಡಕ್ಕೆ ಹೊರಡುತ್ತೇನೆ. ಹೀಟರಿನ ಗುಂಡಿಯನ್ನು ಪೂರ್ತಿ ಕೆಂಪು ಗೆರೆಗೆ ತಿರುಗಿಸಿದರೂ ಊರು ಮುಟ್ಟುವವರೆಗೆ ತಣ್ಣನೆಯ ಗಾಳಿಯೇ ಬರುತ್ತದೆ. ಟೆಂಪರೇಚರ್ ಮುಳ್ಳು ಓಡುವಾಗ ಕೆಳಗೇ ಇದ್ದು, ಸಿಗ್ನಲ್ಲಿನಲ್ಲಿ ನಿಂತಾಗ ಸ್ವಲ್ಪ ಏರುತ್ತದೆ. ಗ್ಯಾರೇಜಿನಲ್ಲಿ ಎಸಿ ಗ್ಯಾಸ್ ತುಂಬಿಸಿಕೊಟ್ಟರು. ಪ್ರಯೋಜನವಾಗಲಿಲ್ಲ.

ಪ್ರಯೋಜನವಾಗುವುದು ಸಾಧ್ಯವೂ ಇರಲಿಲ್ಲ. ನಿಮ್ಮ ಕಾರಿನ ಹೀಟರಿಗೆ ಬಿಸಿ ಬರುವುದು ಇಂಜಿನ್ನನ್ನು ತಣಿಸಲು ಅದರೊಳಗೆ ಸುತ್ತುವ ದ್ರವದಿಂದ, ಅಂದರೆ ಕೂಲಂಟಿನಿಂದ. ಎಸಿ ಗ್ಯಾಸಿಗೂ ಅದಕ್ಕೂ ಸಂಬಂಧವಿಲ್ಲ. ಗ್ಯಾಸಿಗೆ ಹಣ ಪಡೆದವರಿಗೆ ಇದು ಗೊತ್ತಿರಲಿಲ್ಲವೆಂದು ನಂಬುವುದು ನನಗೆ ಕಷ್ಟ.

ಓಡುವಾಗ ಇಳಿದು ನಿಂತಾಗ ಏರುವ ಮುಳ್ಳೇ ನಿಮ್ಮ ಪತ್ರದಲ್ಲಿರುವ ಉತ್ತರ. ಥರ್ಮೋಸ್ಟಾಟ್ ವಾಲ್ವ್ ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡಿದೆ, ಇಲ್ಲವೇ ಯಾರೋ ಅದನ್ನು ತೆಗೆದುಹಾಕಿದ್ದಾರೆ. ಎರಡನೆಯದರ ಸಾಧ್ಯತೆಯೇ ಹೆಚ್ಚೆಂದು ನನ್ನ ಅನುಮಾನ. ಬೇಸಿಗೆಯಲ್ಲಿ ಇಂಜಿನ್ ಕಾದಿತೆಂದು ಕಾರು ಒಯ್ದರೆ, "ನಮ್ಮ ಕಡೆ ಇರೋದ ಬಿಸಿಲು, ವಾಲ್ವ್ ಯಾಕ ಬೇಕ್ರೀ" ಎಂದು ಅದನ್ನು ಕಿತ್ತು ಬಿಸಾಡುವವರು ಇನ್ನೂ ಇದ್ದಾರೆ. ಸಾಮಾನ್ಯವಾಗಿ 80ರಿಂದ 90 ಡಿಗ್ರಿ ಸೆಲ್ಸಿಯಸ್ಸಿನ ನಡುವೆ ತೆರೆದುಕೊಳ್ಳುವ ಈ ವಾಲ್ವ್, ಅಲ್ಲಿಯವರೆಗೆ ಕೂಲಂಟನ್ನು ರೇಡಿಯೇಟರಿಗೆ ಬಿಡದೆ ಇಂಜಿನ್ನಿನಲ್ಲೇ ಸುತ್ತಿಸುತ್ತದೆ. ಅದಿಲ್ಲದಿದ್ದರೆ ಹೆದ್ದಾರಿಯ ಗಾಳಿಗೆ ಕೂಲಂಟ್ ಸದಾ ತಣಿಯುತ್ತಲೇ ಇರುತ್ತದೆ, ಹೀಟರಿಗೆ ಬಿಸಿ ಉಳಿಯುವುದಿಲ್ಲ. ಹೀಟರ್ ಹೋದರೆ ಹೋಗಲಿ ಎನ್ನುವಂತೆಯೂ ಇಲ್ಲ. ತಣ್ಣಗೆ ಓಡುವ ಇಂಜಿನ್ ಹೆಚ್ಚು ಡೀಸೆಲ್ ಕುಡಿಯುತ್ತದೆ, ಬೇಗ ಸವೆಯುತ್ತದೆ, ಆಯಿಲ್ ಕೆಡುತ್ತದೆ. ಕೆಲವು ಇಂಜಿನ್ನುಗಳಲ್ಲಿ ಕೂಲಂಟ್ ಇಂಜಿನ್ನಿನಲ್ಲೇ ಸುತ್ತುವ ಬೈಪಾಸ್ ದಾರಿಯನ್ನು ಮುಚ್ಚುವುದೂ ಇದೇ ವಾಲ್ವ್ ಆದ್ದರಿಂದ, ಅದನ್ನು ತೆಗೆದರೆ ಬಿಸಿ ನೀರು ರೇಡಿಯೇಟರಿಗೆ ಹೋಗದೆ ಹಿಂತಿರುಗಿ, ಬೇಸಿಗೆಯಲ್ಲಿ ಇಂಜಿನ್ ಮೊದಲಿಗಿಂತ ಹೆಚ್ಚು ಕಾಯುತ್ತದೆ.

ಪರೀಕ್ಷೆ ಸುಲಭ. ರಾತ್ರಿಯಿಡೀ ನಿಂತ ಕಾರನ್ನು ಚಾಲೂ ಮಾಡಿ, ಫ್ಯಾನಿನಿಂದ ಕೈ ದೂರವಿಟ್ಟು, ರೇಡಿಯೇಟರಿನ ಮೇಲಿನ ಹೋಸ್ ಪೈಪನ್ನು ಆಗಾಗ ಮುಟ್ಟಿ ನೋಡಿ. ವಾಲ್ವ್ ಸರಿಯಿದ್ದರೆ ಮುಳ್ಳು ಮಧ್ಯದ ಹತ್ತಿರ ಬರುವವರೆಗೆ ಪೈಪು ಹೆಚ್ಚುಕಡಿಮೆ ತಣ್ಣಗಿದ್ದು, ಆಮೇಲೆ ಒಮ್ಮೆಲೇ ಬಿಸಿಯಾಗುತ್ತದೆ. ಮೊದಲಿನಿಂದಲೇ ಮೆಲ್ಲಗೆ ಬೆಚ್ಚಗಾಗುತ್ತ ಬಂದರೆ ಗುಮಾನಿ ನಿಜ. ನಿಮ್ಮ ಮಾದರಿಗೇ ಹೊಂದುವ, ಅದೇ ಡಿಗ್ರಿಯ ಹೊಸ ವಾಲ್ವನ್ನು ಹೊಸ ಗ್ಯಾಸ್ಕೆಟ್ಟಿನೊಂದಿಗೆ ನಿಮ್ಮ ಕಣ್ಣೆದುರೇ ಹಾಕಿಸಿ. ಕೂಲಂಟ್ ತುಂಬಿದ ನಂತರ ಒಳಗಿನ ಗಾಳಿ ಹೊರಡಿಸುವುದನ್ನು ಮರೆಯುವ ಗ್ಯಾರೇಜುಗಳಿವೆ. ಗಾಳಿ ಉಳಿದರೆ ಹೊಸ ವಾಲ್ವ್ ಇದ್ದೂ ಹೀಟರ್ ತಣ್ಣಗೇ ಇರುತ್ತದೆ, ಡ್ಯಾಶ್‌ಬೋರ್ಡಿನ ಹಿಂದೆ ನೀರು ಗುಳುಗುಳು ಎನ್ನುತ್ತದೆ.

ಮುಳ್ಳು ಮಧ್ಯದಲ್ಲಿದ್ದೂ ತಣ್ಣನೆಯ ಗಾಳಿ ಬರುವವರು, ಇಂಜಿನ್ ಆರಿಸಿ, ಕ್ಯಾಬಿನ್ನಿನೊಳಗೆ ಹೋಗುವ ಎರಡು ಸಣ್ಣ ಹೋಸುಗಳನ್ನು ಮುಟ್ಟಿ ನೋಡಬೇಕು. ಎರಡೂ ಬಿಸಿಯಿದ್ದರೆ ದೋಷವಿರುವುದು ಒಳಗೆ ಗಾಳಿಯ ದಾರಿ ಬದಲಿಸುವ ಫ್ಲ್ಯಾಪಿನಲ್ಲಿ, ಅದರ ಕೇಬಲ್ಲಿನಲ್ಲಿ ಅಥವಾ ಮೋಟಾರಿನಲ್ಲಿ. ಒಂದು ಬಿಸಿ, ಇನ್ನೊಂದು ತಣ್ಣಗಿದ್ದರೆ ಹೀಟರ್ ಕೋರ್, ಅಂದರೆ ಬಿಸಿ ಕೂಲಂಟ್ ಹರಿದು ಒಳಗಿನ ಗಾಳಿಯನ್ನು ಕಾಯಿಸುವ ಪುಟ್ಟ ರೇಡಿಯೇಟರ್, ಕಟ್ಟಿಕೊಂಡಿದೆ, ಅಥವಾ ಅದಕ್ಕೆ ನೀರು ಬಿಡುವ ವಾಲ್ವ್ ಮುಚ್ಚಿದೆ. ಗದಗ, ಹಾವೇರಿ ಕಡೆ ಬೋರಿನ ಗಡಸು ನೀರನ್ನೇ ವರ್ಷಗಟ್ಟಲೆ ರೇಡಿಯೇಟರಿಗೆ ಸುರಿದವರ ಕಾರುಗಳಲ್ಲಿ, ಕೋರಿನ ಸಣ್ಣ ಕೊಳವೆಗಳೊಳಗೆ ಬಿಳಿ ಸುಣ್ಣ ಗಟ್ಟಿಯಾಗಿ ಕೂತಿರುತ್ತದೆ. ಎರಡು ಹೋಸುಗಳನ್ನೂ ನೇರವಾಗಿ ಒಂದಕ್ಕೊಂದು ಜೋಡಿಸಿ ಕೋರನ್ನೇ ಬಿಟ್ಟುಬಿಟ್ಟಿರುವ ಕಾರುಗಳೂ ಉಂಟು, ಹಳೆಯ ಕಾರು ಕೊಳ್ಳುವವರು ಅದನ್ನೂ ನೋಡಿಕೊಳ್ಳಬೇಕು.

ಕೂಲಂಟ್ ಮಟ್ಟವನ್ನು ಇಂಜಿನ್ ಪೂರ್ತಿ ತಣಿದ ಮೇಲೆ ನೋಡಿ. ಬಿಸಿ ಇಂಜಿನ್ನಿನ ಕ್ಯಾಪನ್ನು ಬಟ್ಟೆ ಹಿಡಿದು ನಿಧಾನವಾಗಿ ತೆರೆಯಬಹುದೇ ಎಂದು ಕೇಳುವವರಿಗೆ ನನ್ನ ಉತ್ತರ ಯಾವಾಗಲೂ ಒಂದೇ: ಬೇಡ.

ಪ್ರಶ್ನೆ: ಸೋರಿಕೆ ನಿಲ್ಲಲು ರೇಡಿಯೇಟರಿಗೆ ಅರಿಶಿನ ಪುಡಿ ಹಾಕಬಹುದೇ?

ಅಡುಗೆಮನೆಯಲ್ಲೇ ಇರಲಿ. ತೂತಿಗಿಂತ ಮೊದಲು ಅದು ಮುಚ್ಚುವುದು ಹೀಟರ್ ಕೋರನ್ನು.

ಪ್ರಶ್ನೆ: ಹೀಟರ್ ಹಾಕಿದರೆ ಮೈಲೇಜ್ ಇಳಿಯುತ್ತದೆಯೇ?

ಪೆಟ್ರೋಲ್, ಡೀಸೆಲ್ ಕಾರುಗಳಲ್ಲಿ ಗಮನಕ್ಕೆ ಬರುವಷ್ಟು ಇಳಿಯುವುದಿಲ್ಲ. ಅದು ಹೇಗೂ ಹೊರಗೆ ಹೋಗುವ ಬಿಸಿ. ಎಲೆಕ್ಟ್ರಿಕ್ ಕಾರಿನ ಹೀಟರ್ ಬ್ಯಾಟರಿಯಿಂದ ನಡೆಯುವುದರಿಂದ ಅಲ್ಲಿ ಓಟ ಕಡಿಮೆಯಾಗುತ್ತದೆ.

ಪ್ರಶ್ನೆ: ಮಳೆಗಾಲದಲ್ಲಿ ಯಲ್ಲಾಪುರದ ಕಡೆ ಹೋಗುವಾಗ ಮುಂದಿನ ಗಾಜು ಒಳಗಿನಿಂದ ಮಂಜುಗಟ್ಟುತ್ತದೆ. ಹೀಟರ್ ಹಾಕಬೇಕೋ ಎಸಿಯೋ?

ಎರಡನ್ನೂ ಒಟ್ಟಿಗೆ ಹಾಕಿ, ಗಾಳಿಯನ್ನು ಗಾಜಿನತ್ತ ತಿರುಗಿಸಿ, ಹೊರಗಿನ ಗಾಳಿ ಒಳಬರುವಂತೆ ಇಡಿ. ಎಸಿ ತೇವ ತೆಗೆಯುತ್ತದೆ, ಹೀಟರ್ ಗಾಜನ್ನು ಬೆಚ್ಚಗಿಡುತ್ತದೆ. ಒರೆಸಿದರೂ ಗಾಜಿನ ಮೇಲೆ ಜಿಡ್ಡಿನ ಪೊರೆ ಮತ್ತೆ ಮತ್ತೆ ಕೂತು, ಸಿಹಿ ವಾಸನೆ ಬಂದು, ಮುಂದಿನ ಸೀಟಿನ ಕಾಲಡಿಯ ಮ್ಯಾಟ್ ಒದ್ದೆಯಾಗಿದ್ದರೆ ಮಾತ್ರ ಅದು ಮಳೆಯ ತೇವವಲ್ಲ, ಕೋರಿನಿಂದ ಸೋರುತ್ತಿರುವ ಕೂಲಂಟ್. ಅಂಥ ಕಾರನ್ನು ಘಟ್ಟಕ್ಕೆ ಒಯ್ಯುವ ಮೊದಲು ರಿಪೇರಿ ಮಾಡಿಸಿ.